ಜೆಟ್ ವಿಡಿಯೋಗಳಿಗೆ ಮಾತು ಸೇರಿಸಿದ್ದು ಹೀಗೆ

2025ರ ಸೆಪ್ಟೆಂಬರ್ 26ರಂದು ನಮ್ಮ ವಾಯುಪಡೆಯ ಮಿಗ್-21 ಫೈಟರ್ ವಿಮಾನ ನಿವೃತ್ತಿಯಾಯಿತು. ಅವತ್ತು ನಮ್ಮ ಫೋನುಗಳಿಗೆ ಬಿಡುವೇ ಇರಲಿಲ್ಲ. ಚಂಡೀಗಢದಲ್ಲಿ ವಾಯುಪಡೆ ಮುಖ್ಯಸ್ಥರೇ ಆ ವಿಮಾನ ಹಾರಿಸಿದ ದೃಶ್ಯ, ಇಳಿದು ಬಂದ ವಿಮಾನಗಳಿಗೆ ಎರಡೂ ಕಡೆಯಿಂದ ನೀರು ಚಿಮ್ಮಿಸಿದ ದೃಶ್ಯ, ಎಲ್ಲೆಲ್ಲಿಂದಲೋ ಬಂದ ಹಳೇ ತುಣುಕುಗಳು. 1963ರಲ್ಲಿ ಇದೇ ಚಂಡೀಗಢದಲ್ಲಿ ಸೇವೆ ಶುರು ಮಾಡಿದ ವಿಮಾನ ಅದು. ಕಾಸರಗೋಡಿನ ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯ ಕಡೆ ಇರುವ ನಮ್ಮಂಥ ಮಾಜಿ ವಾಯುಪಡೆಯವರು ಒಬ್ಬರಿಗೊಬ್ಬರು ಕಳಿಸಿದ್ದೇ ಕಳಿಸಿದ್ದು. ಆದರೆ ಬಂದ ವಿಡಿಯೋಗಳ ಕೆಳಗೆ ಕೈ ಮುಗಿದ ಚಿತ್ರ, ತ್ರಿವರ್ಣ ಬಾವುಟ ಬಿಟ್ಟರೆ ಮಾತೇ ಇಲ್ಲ. ಇದು ಯಾವ ಮಾದರಿ? ಎಲ್ಲಿ ತೆಗೆದದ್ದು? ಒಳಗೆ ಕೂತವನಿಗೆ ಆಗ ಏನಾಗುತ್ತಿತ್ತು? ಇದನ್ನೆಲ್ಲ ಹೇಳಬಲ್ಲವರು ನಮ್ಮ ಊರಲ್ಲೇ ಇದ್ದಾರೆ. ಅವರನ್ನು ಕೂರಿಸಿ, ವಿಡಿಯೋ ತೋರಿಸಿ, ಮಾತಾಡಿಸಿ ದಾಖಲು ಮಾಡುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಾ ಬಂದಿದ್ದೇನೆ. ಹೇಗೆ ಮಾಡುತ್ತೇನೆ ಅಂತ ಹಲವರು ಕೇಳಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಪೈಲಟ್ ಅಲ್ಲ. ಎಂಜಿನ್ ಫಿಟ್ಟರ್ ಆಗಿ ಸೇರಿ ವಾರಂಟ್ ಆಫೀಸರ್ ಆಗಿ ಹೊರಬಂದವನು. ಮಿಗ್-21ರ ಬಿಸ್ ಅನ್ನುವ ಮಾದರಿಯ ಆರ್-25 ಎಂಜಿನ್ ನನ್ನ ಕೈಯಲ್ಲಿ ಓಡಾಡಿದ್ದು. ನಮ್ಮಲ್ಲಿ ಆ ಎಂಜಿನ್ ತಯಾರಾಗುತ್ತಿದ್ದುದು ಒಡಿಶಾದ ಕೋರಾಪುಟ್‌ನ ಎಚ್‌ಎಎಲ್ ಕಾರ್ಖಾನೆಯಲ್ಲಿ, ವಿಮಾನ ತಯಾರಾಗುತ್ತಿದ್ದುದು ನಾಸಿಕ್‌ನಲ್ಲಿ. ರಿಹೀಟ್ (ಎಂಜಿನ್ನಿನ ಹಿಂಭಾಗದಲ್ಲಿ ಮತ್ತಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವುದು) ಇಲ್ಲದೆ ಅದರ ನೂಕುಬಲ ಸುಮಾರು 4,100 ಕಿಲೋ. ರಿಹೀಟ್ ಹಾಕಿದರೆ ಸುಮಾರು 7,100. ಅದರ ಮೇಲೆ ಎರಡನೇ ರಿಹೀಟ್ ಅಂತ ಬೇರೆ ಇತ್ತು, ಕಡಿಮೆ ಎತ್ತರದಲ್ಲಿ ಕೆಲವೇ ನಿಮಿಷ ಬಳಸುವಂಥದ್ದು.

ಎಂಜಿನ್ ಕೆಲಸ ಮುಗಿದ ಮೇಲೆ ವಿಮಾನವನ್ನು ನೆಲಕ್ಕೆ ಗಟ್ಟಿಯಾಗಿ ಕಟ್ಟಿ ಓಡಿಸಿ ನೋಡುತ್ತಿದ್ದೆವು. ಅದಕ್ಕೆ ಗ್ರೌಂಡ್ ರನ್ ಅನ್ನುತ್ತೇವೆ. ಆಗ ಕಾಕ್‌ಪಿಟ್‌ನಲ್ಲಿ ಕೂರುವುದು ನಮ್ಮಂಥವರೇ. ಎಡಗೈಯಲ್ಲಿ ಥ್ರಾಟಲ್, ಕಣ್ಣು ಆರ್‌ಪಿಎಂ ಮತ್ತು ಬಿಸಿಯ ಗೇಜಿನ ಮೇಲೆ. ರಿಹೀಟ್ ಹತ್ತಿದ ಕೂಡಲೇ ಬೆನ್ನಿಗೆ ಒಂದು ಗುದ್ದು ಬೀಳುತ್ತದೆ. ವಿಮಾನ ಕಟ್ಟಿದ ಜಾಗದಲ್ಲೇ ಮುಂದಕ್ಕೆ ಜಗ್ಗುತ್ತದೆ. ಹೊರಗೆ ನಿಂತವನಿಗೆ ಆ ಸದ್ದು ಕಿವಿಯಲ್ಲಿ ಕೇಳುವುದಲ್ಲ, ಎದೆಗೂಡಿನಲ್ಲಿ ಅದುರುವುದು. ಪ್ಯಾಂಟಿನ ಬಟ್ಟೆ ಪಟಪಟ ಅನ್ನುತ್ತದೆ. ಇದು ಯಾವ ವಿಡಿಯೋದಲ್ಲೂ ಸಿಗುವುದಿಲ್ಲ. ಕ್ಯಾಮೆರಾದ ಮೈಕ್ ಜಾಸ್ತಿ ಸದ್ದು ಬಂದರೆ ತಾನೇ ತಗ್ಗಿಸಿಬಿಡುತ್ತದೆ, ಇಲ್ಲವಾದರೆ ಬರೀ ಗರಗರ. ಹಾಗಾಗಿ ಮೊಮ್ಮಕ್ಕಳಿಗೆ ವಿಡಿಯೋ ತೋರಿಸಿ ಸುಮ್ನೆ ಕೂತರೆ ಸಾಲದು. ಬಾಯಿಬಿಟ್ಟು ಹೇಳಲೇಬೇಕು.

ಮೊದಲ ಕೆಲಸ ಟೇಪುಗಳದ್ದು. ಹೆಚ್ಚಿನವರ ಮನೆಯಲ್ಲಿ ಇರುವುದು ವಿಎಚ್‌ಎಸ್. ಅನುಮತಿ ಪಡೆದು ತೆಗೆದ ಫ್ಯಾಮಿಲಿ ಡೇ ದೃಶ್ಯಗಳು, ಅಕ್ಟೋಬರ್ 8ರ ವಾಯುಪಡೆ ದಿನ, ದೂರದರ್ಶನದಲ್ಲಿ ಬಂದ ಜನವರಿ 26ರ ಹಾರಾಟವನ್ನು ಮನೆಯವರು ರೆಕಾರ್ಡ್ ಮಾಡಿಟ್ಟದ್ದು. ನಮ್ಮ ಕರಾವಳಿಯ ತೇವಕ್ಕೆ ಟೇಪು ಬಾಳುವುದು ಕಷ್ಟ. ಅಟ್ಟದಿಂದ ಇಳಿಸಿದ ಕ್ಯಾಸೆಟ್ಟಿನ ಪಾರದರ್ಶಕ ಕಿಂಡಿಯಲ್ಲಿ ಬೆಳಕು ಹಾಯಿಸಿ ನೋಡಿ. ಸುರುಳಿಯ ಅಂಚಿನಲ್ಲಿ ಬಿಳಿ ಎಳೆ ಕಂಡರೆ ಅದು ಬೂಷ್ಟು. ಅಂಥ ಟೇಪನ್ನು ಒಳ್ಳೇ ವಿಸಿಆರ್‌ಗೆ ಹಾಕಲೇಬಾರದು. ಬೂಷ್ಟು ಹೆಡ್ಡಿಗೆ ಅಂಟುತ್ತದೆ, ಅಲ್ಲಿಂದ ಮುಂದಿನ ಟೇಪಿಗೆ ಹೋಗುತ್ತದೆ. ಬೂಷ್ಟು ಹಿಡಿದ ಟೇಪುಗಳಿಗೆಂದೇ ನಾನು ಹಳೇ ಯಂತ್ರವೊಂದನ್ನು ಬೇರೆ ಇಟ್ಟಿದ್ದೇನೆ. ಒಣ ಮೆತ್ತನೆ ಬಟ್ಟೆಗೆ ತಾಗಿಸಿಕೊಂಡು ಟೇಪನ್ನು ನಿಧಾನವಾಗಿ ಓಡಿಸುತ್ತೇನೆ. ಪ್ರತಿ ಸಲವೂ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸುತ್ತೇನೆ. ಈ ಕೆಲಸವನ್ನು ಮಳೆಗಾಲದಲ್ಲಿ ಮಾಡುವುದೇ ಇಲ್ಲ. ಅಡಿಕೆ ಅಂಗಳದಲ್ಲಿ ಒಣಗುವ ದಿನಗಳೇ ಟೇಪಿಗೂ ಸರಿಯಾದ ದಿನಗಳು.

ಆಮೇಲೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ, ಪ್ಲೇ ಮಾಡಿ ಕಂಪ್ಯೂಟರಿಗೆ ತುಂಬಿಸುವುದು. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು, ಇಲ್ಲಿ ಅವಸರ ನಡೆಯುವುದಿಲ್ಲ. ನಮ್ಮ ದೇಶದ ಟೇಪುಗಳು ಪಾಲ್ ಪದ್ಧತಿಯವು, ಸೆಕೆಂಡಿಗೆ 25 ಫ್ರೇಮು. 720 ಅಡ್ಡ, 576 ಉದ್ದದ ಚಿತ್ರವಾಗಿ ಇಟ್ಟುಕೊಂಡರೆ ಸಾಕು. ಹಿಗ್ಗಿಸಿ ದೊಡ್ಡದು ಮಾಡಿದರೆ ಹೊಸದಾಗಿ ಏನೂ ಕಾಣುವುದಿಲ್ಲ. ಟಿವಿ ಎದುರು ಫೋನು ಹಿಡಿದು ತೆಗೆಯುವವರಿದ್ದಾರೆ. ದಯವಿಟ್ಟು ಬೇಡ. ಪಟ್ಟಿ ಪಟ್ಟಿ ಬರುತ್ತದೆ, ವೇಗದ ವಿಮಾನವಂತೂ ಕಲಸಿಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ವಿಡಿಯೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಆಗ ಗುಣಮಟ್ಟ ಇಳಿಯುವುದಿಲ್ಲ.

ಇನ್ನು ಗುರುತು ಹಿಡಿಯುವುದು. ಇದು ನನಗೆ ತುಂಬ ಇಷ್ಟದ ಭಾಗ. ಮಸುಕಾದ ಟೇಪಿನಲ್ಲೂ ಮಿಗ್-21ರ ಮಾದರಿ ಹೇಳಬಹುದು. ನಿಂತ ವಿಮಾನದಲ್ಲಿ ಪೈಲಟ್ ಹತ್ತುವಾಗ ಗಾಜಿನ ಮುಚ್ಚಳ ಹೇಗೆ ತೆರೆಯುತ್ತದೆ ನೋಡಿ. ಮುಂದಕ್ಕೆ ಎದ್ದು ನಿಂತರೆ ಅದು ಎಫ್‌ಎಲ್, ನಾವು ಟೈಪ್ 77 ಅನ್ನುತ್ತಿದ್ದದ್ದು. ಒಂಟಿ ಸೀಟಿನ ವಿಮಾನದಲ್ಲಿ ಬಲಕ್ಕೆ ಮಗುಚಿದರೆ ಆಮೇಲೆ ಬಂದ ಎಂ ಅಥವಾ ಬಿಸ್. ಮೂತಿಯ ಮೇಲೆ ಉದ್ದಕ್ಕೆ ಚಾಚಿದ, ವೇಗ ಅಳೆಯುವ ಪಿಟಾಟ್ ಕೊಳವೆ ಎಫ್‌ಎಲ್‌ನಲ್ಲಿ ನಟ್ಟನಡುವೆ ಇದೆ, ಬಿಸ್‌ನಲ್ಲಿ ಸ್ವಲ್ಪ ಬಲಕ್ಕೆ ಸರಿದಿದೆ. ಬಿಸ್‌ನ ಬೆನ್ನು ದಪ್ಪ. ಎಫ್‌ಎಲ್ 2013ರ ಡಿಸೆಂಬರಿನಲ್ಲೇ ಕಲೈಕುಂಡದಲ್ಲಿ ನಿವೃತ್ತಿಯಾಯಿತು. ಆದ್ದರಿಂದ ಎಫ್‌ಎಲ್ ಕಾಣುವ ವಿಡಿಯೋಗೆ ನಿನ್ನೆ ಮೊನ್ನೆಯದು ಅಂತ ಹೆಸರು ಕೊಟ್ಟರೆ ತಪ್ಪೇ.

ಸುಳ್ಳು ವಿಡಿಯೋ ಜಾಸ್ತಿಯಾಗಿದೆ. ಕಂಪ್ಯೂಟರ್ ಗೇಮಿನ ದೃಶ್ಯವನ್ನು ನಿಜವಾದ ಯುದ್ಧ ಅಂತ ಹಂಚುತ್ತಾರೆ. ನಾನು ಮೊದಲು ಸದ್ದು ನೋಡುತ್ತೇನೆ. ಗಾಳಿಯಲ್ಲಿ ಸದ್ದು ಒಂದು ಕಿಲೋಮೀಟರ್ ಬರಲು ಹತ್ತಿರ ಹತ್ತಿರ ಮೂರು ಸೆಕೆಂಡು ಬೇಕು. ದೂರದಲ್ಲಿ ರಿಹೀಟ್ ಹೊತ್ತಿದ ಕ್ಷಣಕ್ಕೇ ಗುಡುಗು ಕೇಳಿಸಿದರೆ ಆ ಸದ್ದು ಆಮೇಲೆ ಅಂಟಿಸಿದ್ದು. ನೆಲದಲ್ಲಿ ನಿಂತು ತೆಗೆದ ನಿಜವಾದ ವಿಡಿಯೋದಲ್ಲಿ ವಿಮಾನ ಮುಂದೆ ಹೋಗಿರುತ್ತದೆ, ಸದ್ದು ಹಿಂದೆ ಉಳಿದಿರುತ್ತದೆ. ನಮ್ಮವರಿಗೆ ಇದು ರೂಢಿಯಲ್ಲೇ ಗೊತ್ತು. ಸದ್ದು ಬಂದ ಕಡೆ ತಿರುಗಿ ನೋಡುವವನಿಗೆ ಫೈಟರ್ ಕಾಣುವುದಿಲ್ಲ, ಅದಕ್ಕಿಂತ ಮುಂದೆ ನೋಡಬೇಕು.

ಈಗ ಮಾತಿನ ವಿಷಯ. ಮಂಜೇಶ್ವರದ ಹತ್ತಿರ ಒಬ್ಬ ನಿವೃತ್ತ ಫೈಟರ್ ಪೈಲಟ್ ಇದ್ದಾರೆ. ಮೊದಲ ಸಲ ಅವರ ಮನೆಗೆ ಹೋದಾಗ ಅವರು ಹೇಳಿದ್ದು ಇಷ್ಟೇ: "ಏನಿದೆ ವಾರಂಟ್ ಸಾಬ್, ಹಾರಿದೆವು, ಇಳಿದೆವು." ಧೈರ್ಯ, ದೇಶಪ್ರೇಮ ಅಂತ ಕೇಳಿದರೆ ಇಂಥವರು ಬಾಯಿ ಮುಚ್ಚುತ್ತಾರೆ. ನಾನು ಲ್ಯಾಪ್‌ಟಾಪಿನಲ್ಲಿ ಮಿಗ್ ಇಳಿಯುವ ದೃಶ್ಯ ಹಾಕಿದೆ, ಸದ್ದು ಪೂರ್ತಿ ತೆಗೆದೆ. "ಸಾರ್, ಇಲ್ಲಿ ನಿಮ್ಮ ಎಡಗೈ ಏನು ಮಾಡ್ತಾ ಇರ್ತದೆ?" ಅಂತ ಕೇಳಿದೆ. ಅವರ ಎಡಗೈ ತಾನಾಗಿ ಕುರ್ಚಿಯ ಕೈ ಮೇಲೆ ಥ್ರಾಟಲ್ ಹಿಡಿದ ಹಾಗೆ ಕೂತಿತು. ಆಮೇಲೆ ಅವರನ್ನು ತಡೆಯುವವರಿಲ್ಲ.

"ಈ ವಿಮಾನದಲ್ಲಿ ಪವರ್ ತೆಗೆದರೆ ಕೆಳಗೆ ಕೂತುಬಿಡ್ತದೆ. ತ್ರಿಕೋನ ರೆಕ್ಕೆ, ಮೂತಿ ಮೇಲೆ, ಮುಂದೆ ರನ್‌ವೇ ಸರಿಯಾಗಿ ಕಾಣೋದಿಲ್ಲ. ಗಂಟೆಗೆ ಮುನ್ನೂರು ಕಿಲೋಮೀಟರ್ ಮೇಲೆಯೇ ನೆಲ ಮುಟ್ಟಬೇಕು. ಮುಟ್ಟಿದ ಮೇಲೆ ಹಿಂದೆ ಪ್ಯಾರಾಚೂಟ್ ಬಿಚ್ಚಿದರೆ, ಓಡುವ ಕಂಬಳದ ಕೋಣವನ್ನು ಯಾರೋ ಹಗ್ಗ ಹಿಡಿದು ಹಿಂದಕ್ಕೆ ಎಳೆದ ಹಾಗೆ. ಎದೆಗೆ ಪಟ್ಟಿ ಬಿಗಿಯುತ್ತದೆ. ಅದು ಬಿಗಿದರೆ ಸಮಾಧಾನ. ಬಿಗಿಯದಿದ್ದರೆ ಚೂಟ್ ಬಿಚ್ಚಿಲ್ಲ ಅಂತ ಅರ್ಥ, ಮುಂದಿನದು ಬರೀ ಬ್ರೇಕಿನ ಕೆಲಸ." ಇಷ್ಟು ಹೇಳಿ ಅವರು ವಿಡಿಯೋ ಹಿಂದಕ್ಕೆ ಹಾಕಿಸಿದರು. ಮತ್ತೆ ನೋಡಿದರು. ಬಾಗಿಲ ಹತ್ತಿರ ನಿಂತಿದ್ದ ಅವರ ಹೆಂಡತಿ ಒಳಗೆ ಬಂದು ಕೂತರು. "ಇದನ್ನೆಲ್ಲ ನನಗೆ ಒಂದು ದಿನವೂ ಹೇಳಿಲ್ಲ" ಅಂದರು.

ಅಂದಿನಿಂದ ನನ್ನ ಪದ್ಧತಿ ಇದೇ. ಸದ್ದಿಲ್ಲದ ವಿಡಿಯೋ, ಕೈಕಾಲಿನ ಬಗ್ಗೆ ಪ್ರಶ್ನೆ. ಪಕ್ಕದಲ್ಲಿ ಒಂದು ಫೋನು ಮಾತು ಹಿಡಿಯಲು, ಇನ್ನೊಂದು ಅವರ ಕೈಗಳನ್ನು ಮಾತ್ರ ತೆಗೆಯಲು. ಫ್ಯಾನ್ ಆರಿಸುತ್ತೇನೆ. ಮಧ್ಯೆ ಬಾಯಿ ಹಾಕುವುದಿಲ್ಲ. ಕನ್ನಡದಲ್ಲಿ ಶುರುವಾದದ್ದು ತುಳುವಿಗೆ, ಹಿಂದಿಗೆ ಹೋಗಿ ವಾಪಸ್ ಬರುತ್ತದೆ, ಬರಲಿ. ಪೈಲಟ್‌ಗಳನ್ನು ಮಾತ್ರ ಮಾತಾಡಿಸಿದರೆ ಸಾಲದು ಅನ್ನುವುದೂ ನನ್ನ ಗಟ್ಟಿ ಅಭಿಪ್ರಾಯ. ಹಾರಾಟಕ್ಕೆ ಮೊದಲು ಪೈಲಟ್ ವಿಮಾನದ ತಪಾಸಣೆಯ ದಾಖಲೆಯಾದ ಫಾರ್ಮ್ 700ಕ್ಕೆ ಸಹಿ ಹಾಕುತ್ತಾನೆ. ಆ ಪುಟದಲ್ಲಿ ಅವನಿಗಿಂತ ಮೊದಲೇ ಏರ್‌ಫ್ರೇಮ್, ಎಂಜಿನ್, ಎಲೆಕ್ಟ್ರಿಕಲ್, ಇನ್‌ಸ್ಟ್ರುಮೆಂಟ್, ಆರ್ಮಮೆಂಟ್ ಹುಡುಗರ ಸಹಿ ಇರುತ್ತದೆ. ಇಜೆಕ್ಷನ್ ಸೀಟಿನ ಪಿನ್ ತೆಗೆದು ಪೈಲಟ್‌ಗೆ ಎತ್ತಿ ತೋರಿಸಿದವನ ನೆನಪೂ ಜೆಟ್ ಹಾರಾಟದ ನೆನಪೇ ಅಲ್ವಾ?

ಇದಕ್ಕೆಲ್ಲ ನಾನು ಇಷ್ಟು ಯಾಕೆ ಒದ್ದಾಡುತ್ತೇನೆ ಅಂದರೆ, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಕತೆ ನನ್ನ ತಲೆಯಲ್ಲಿ ಇದೆ. ನಮ್ಮ ಪಕ್ಕದ ಕೊಡಗಿನವರು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಹೋದ ಮಿಸ್ಟೇರ್ ವಿಮಾನಗಳಲ್ಲಿ ಅವರದ್ದು ಮೀಸಲು ಸ್ಥಾನ. ಯಾರಾದರೂ ಹಿಂದುಳಿದರೆ ಮಾತ್ರ ಸೇರಬೇಕಿತ್ತು, ಸೇರಿದರು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ಎಫ್-104 ಸ್ಟಾರ್‌ಫೈಟರ್ ಅವರ ಮೇಲೆ ಎರಗಿತು. ವೇಗದಲ್ಲಿ ಎಷ್ಟೋ ಹಿಂದಿದ್ದ ಮಿಸ್ಟೇರ್‌ನಲ್ಲಿ ಕೂತು ಅವರು ಅದನ್ನು ಹೊಡೆದು ಬೀಳಿಸಿದರು. ತಾವು ವಾಪಸ್ ಬರಲಿಲ್ಲ. ಜೊತೆಗೆ ಹೋದವರು ಯಾರೂ ಆ ಕಾಳಗ ಕಂಡಿರಲಿಲ್ಲ. ಫಿಲಂ ಇಲ್ಲ, ಸಾಕ್ಷಿ ಇಲ್ಲ. ಎದುರಾಳಿ ಕಡೆಯವರ ವಿವರಣೆ ಹೊರಬಂದ ಮೇಲೆಯೇ ನಮಗೆ ಗೊತ್ತಾದದ್ದು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಒಬ್ಬನ ಸಾಹಸ ಊರಿಗೆ ತಲುಪಲು ಇಷ್ಟು ವರ್ಷ ಬೇಕಾಯಿತು. ಬದುಕಿ ಮನೆಗೆ ಬಂದವರ ಮಾತನ್ನಾದರೂ ನಾವು ಹೊತ್ತಿಗೆ ಸರಿಯಾಗಿ ಕೇಳಿಕೊಳ್ಳಬೇಕು.

ಹಂಚುವುದರಲ್ಲಿ ಕೆಲವು ಕಟ್ಟುನಿಟ್ಟು ಇಟ್ಟುಕೊಂಡಿದ್ದೇನೆ. ಕಾಕ್‌ಪಿಟ್‌ನ ಎಚ್‌ಯುಡಿ (ಪೈಲಟ್ ಕಣ್ಣೆದುರಿನ ಗಾಜಿನ ಪರದೆ) ರೆಕಾರ್ಡಿಂಗ್, ಗನ್ ಕ್ಯಾಮೆರಾ ಫಿಲಂ ನಮ್ಮ ಸ್ವಂತದ್ದಲ್ಲ, ಸರ್ಕಾರದ್ದು. ಯಾರ ಕೈಗಾದರೂ ಬಂದಿದ್ದರೂ ನಾನು ಮುಟ್ಟುವುದಿಲ್ಲ. 1923ರ ಅಧಿಕೃತ ರಹಸ್ಯ ಕಾಯ್ದೆ ನಿವೃತ್ತರಿಗೂ ಅನ್ವಯಿಸುತ್ತದೆ. ಇವತ್ತಿಗೂ ಕೆಲಸದಲ್ಲಿರುವ ನೆಲೆಯ ಪೆನ್ (ವಿಮಾನ ನಿಲ್ಲಿಸುವ ಭದ್ರ ಗೂಡು), ರೇಡಾರ್, ರನ್‌ವೇ ಪಕ್ಕದ ಕಟ್ಟಡ ಕಂಡರೆ ಆ ಭಾಗ ಕತ್ತರಿಸುತ್ತೇನೆ. ಮಾತಿನ ಮಧ್ಯೆ ರೇಡಿಯೋ ವಿವರ ಬಂದರೆ ಅದನ್ನೂ ತೆಗೆಯುತ್ತೇನೆ. ಅಪಘಾತದ ವಿಡಿಯೋ ಹಂಚುವುದೇ ಇಲ್ಲ. ಮಿಗ್-21ಗೆ ಪತ್ರಿಕೆಯವರು ಕೊಟ್ಟ 'ಹಾರುವ ಶವಪೆಟ್ಟಿಗೆ' ಅನ್ನುವ ಹೆಸರು ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬಿದ್ದ ವಿಮಾನಗಳು ಬಹಳ, ಅದನ್ನು ಮುಚ್ಚಿಡಬೇಕಿಲ್ಲ. ನಾನು ಏಣಿ ಹಿಡಿದು ಹತ್ತಿಸಿದ ಹುಡುಗರೂ ಅದರಲ್ಲಿ ಹೋಗಿದ್ದಾರೆ. ಆದರೆ ಅವರ ತಾಯಂದಿರ ಫೋನಿಗೆ ಆ ಹೆಸರು ಹೊತ್ತ ವಿಡಿಯೋ ಹೋಗಿ ಬೀಳುವುದು ನನಗೆ ಬೇಡ.

ತಯಾರಾದ ವಿಡಿಯೋ ಮೊದಲು ಮಾತಾಡಿದವರಿಗೆ ತೋರಿಸುತ್ತೇನೆ. ಅವರು ಬೇಡ ಅಂದದ್ದು ಹೋಗುತ್ತದೆ. ತೀರಿಕೊಂಡವರ ಟೇಪಾದರೆ ಮನೆಯವರ ಒಪ್ಪಿಗೆ ಬೇಕು. ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಮನೆಯವರಿಗೆ, ಒಂದು ನನ್ನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿರುವ ಮಗಳ ಬಳಿ. ಕಡತದ ಹೆಸರಿನಲ್ಲೇ ವಿಮಾನದ ಮಾದರಿ, ವರ್ಷ, ಮಾತಾಡಿದವರ ಟ್ರೇಡ್ (ಕೆಲಸದ ವಿಭಾಗ) ಬರೆದಿಡುತ್ತೇನೆ.

ನಿಮ್ಮ ಅಪ್ಪನೋ ಮಾವನೋ ವಾಯುಪಡೆಯಲ್ಲಿ ಇದ್ದವರಾದರೆ, ಅಟ್ಟದಲ್ಲಿ ಟೇಪು ಇದ್ದರೆ, ಮಳೆ ಬಿಡುವ ತನಕ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ, ನಿಲ್ಲಿಸಿ ಇಡಿ, ಮಲಗಿಸಬೇಡಿ. ಅಷ್ಟರೊಳಗೆ ಅವರನ್ನು ಕೂರಿಸಿ ಮಾತಾಡಿಸಬಹುದು. ಅದಕ್ಕೆ ಮಳೆ ಅಡ್ಡಿಯಿಲ್ಲ.