ಅಮೆರಿಕದ ವರ್ಮಾಂಟ್ ರಾಜ್ಯದಲ್ಲಿ ಗವರ್ನರ್ ಚುನಾವಣೆಗೆ ವೋಟು ಹಾಕುವುದು ಹೀಗೆ

ಮೊದಲು ಒಂದು ಮಾತು. ಗ್ರೀನ್ ಕಾರ್ಡ್ ಇದ್ದರೆ ಸಾಲದು, ಅಮೆರಿಕದ ಪೌರತ್ವ ಬೇಕು. ವಿನೂಸ್ಕಿ, ಮಾಂಟ್‌ಪಿಲಿಯರ್‌ನಂಥ ಊರುಗಳಲ್ಲಿ ಪೌರರಲ್ಲದವರೂ ವೋಟು ಹಾಕಬಹುದು ಅಂತ ಕೇಳಿರುತ್ತೀರಿ, ಅದು ಬರೀ ಊರಿನ ಚುನಾವಣೆಗೆ.

ಇಲ್ಲಿ ಎರಡೇ ವರ್ಷದ ಅವಧಿ. ಹಾಗಾಗಿ ಪ್ರತಿ ಸರಿಸಂಖ್ಯೆಯ ವರ್ಷವೂ ಗವರ್ನರ್, ಲೆಫ್ಟಿನೆಂಟ್ ಗವರ್ನರ್, ಖಜಾಂಚಿ, ಸೆಕ್ರೆಟರಿ ಆಫ್ ಸ್ಟೇಟ್, ಆಡಿಟರ್, ಅಟಾರ್ನಿ ಜನರಲ್, ಈ ಆರೂ ಹುದ್ದೆಗೆ ಬೇರೆ ಬೇರೆ ವೋಟು ಹಾಕಬೇಕು. ಒಂದೇ ಪಕ್ಷಕ್ಕೆ ಅಂಟಿಕೊಳ್ಳಬೇಕಿಲ್ಲ.

ಆಗಸ್ಟ್‌ನ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಎಲ್ಲ ದೊಡ್ಡ ಪಕ್ಷಗಳ ಬ್ಯಾಲೆಟ್ಟೂ ಕೈಗೆ ಕೊಡುತ್ತಾರೆ. ಒಂದನ್ನು ಮಾತ್ರ ತುಂಬಿ, ಉಳಿದದ್ದನ್ನು ಖಾಲಿಯಾಗಿಯೇ ವಾಪಸ್ ಕೊಡಿ. ನವೆಂಬರ್ ಬ್ಯಾಲೆಟ್ ತಾನಾಗಿಯೇ ಮನೆಗೆ ಅಂಚೆಯಲ್ಲಿ ಬರುತ್ತದೆ. ಅದನ್ನು ಜೊತೆಗಿರುವ ಲಕೋಟೆಗೆ ಹಾಕಿ ಸಹಿ ಮಾಡಿ, ಸಹಿ ಮರೆತರೆ ವೋಟು ಲೆಕ್ಕಕ್ಕೆ ಬರುವುದಿಲ್ಲ! ಹೆಸರು ನೋಂದಾಯಿಸಿಲ್ವಾ? ಗಾಬರಿ ಬೇಡ, ಮತದಾನದ ದಿನವೇ ಮತಗಟ್ಟೆಯಲ್ಲಿ ಮಾಡಿಸಬಹುದು. ಸಂಜೆ 7ಕ್ಕೆ ಬಾಗಿಲು ಹಾಕುತ್ತಾರೆ.

ನನಗೆ ತುಂಬ ವಿಚಿತ್ರ ಅನಿಸುವುದು ಎಣಿಕೆ. ಗವರ್ನರ್, ಲೆಫ್ಟಿನೆಂಟ್ ಗವರ್ನರ್, ಖಜಾಂಚಿ ಹುದ್ದೆಗೆ ಅರ್ಧಕ್ಕಿಂತ ಜಾಸ್ತಿ ವೋಟು ಯಾರಿಗೂ ಬರದಿದ್ದರೆ, ಮೊದಲ ಮೂವರಲ್ಲಿ ಒಬ್ಬರನ್ನು ಶಾಸಕರು ಗುಪ್ತ ಮತದಿಂದ ಆರಿಸುತ್ತಾರೆ. 2014ರಲ್ಲಿ ಪೀಟರ್ ಶಮ್ಲಿನ್ ಮುಂದಿದ್ದರೂ ಅರ್ಧ ದಾಟಲಿಲ್ಲ, ಕೊನೆಗೆ 2015ರ ಜನವರಿಯಲ್ಲಿ ಶಾಸಕರು 110-69 ವೋಟಿನಿಂದ ಅವರನ್ನೇ ಗವರ್ನರ್ ಮಾಡಿದರು. ಅದಕ್ಕೇ ಬ್ಯಾಲೆಟ್‌ನಲ್ಲಿ ಶಾಸಕರನ್ನು ಆರಿಸುವ ಸಾಲನ್ನು ಸುಮ್ನೆ ಖಾಲಿ ಬಿಡಬೇಡಿ.