ಆಪ್ತಸಮಾಲೋಚನೆಯ ಬಿಲ್ಲು, ವಿಮೆಯ ಲೆಕ್ಕ

ಪಾಲಿಸಿ ಮಾಡಿಸುವಾಗ ಏಜೆಂಟರು ‘ಮಾನಸಿಕ ಕಾಯಿಲೆಗೂ ವಿಮೆ ಸಿಗುತ್ತದೆ’ ಎಂದು ಹೇಳಿಯೇ ಸಹಿ ಹಾಕಿಸಿಕೊಂಡಿದ್ದರು. ಸುಳ್ಳೇನೂ ಹೇಳಿರಲಿಲ್ಲ. ಆದರೆ ವಿಪರೀತ ಆತಂಕ, ನಿದ್ದೆಗೇಡು ಎಂದು ನಾನು ವಾರಕ್ಕೊಮ್ಮೆ ಆಪ್ತಸಮಾಲೋಚನೆಗೆ ಹೋಗತೊಡಗಿದ ಮೇಲೆ, ಆ ಭರವಸೆ ಹೆಚ್ಚುಕಡಿಮೆ ಆಸ್ಪತ್ರೆಯ ಹಾಸಿಗೆಯವರೆಗೆ ಮಾತ್ರ ಎಂಬುದು ತಿಳಿಯಿತು.

ಕಾನೂನು ನಮ್ಮ ಪರವಾಗಿಯೇ ಇದೆ. ದೈಹಿಕ ಕಾಯಿಲೆಗೆ ಯಾವ ಆಧಾರದ ಮೇಲೆ ವಿಮೆ ಕೊಡುತ್ತಾರೋ ಅದೇ ಆಧಾರದ ಮೇಲೆ ಮಾನಸಿಕ ಕಾಯಿಲೆಗೂ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2018ರ ಆಗಸ್ಟ್‌ನಲ್ಲಿ ಕಂಪನಿಗಳು ಇದನ್ನು ಪಾಲಿಸಬೇಕೆಂದು ಸುತ್ತೋಲೆ ಹೊರಡಿಸಿತು. 2022ರ ಅಕ್ಟೋಬರ್‌ನಲ್ಲಿ ತಿಂಗಳ ಕೊನೆಯ ಗಡುವು ಹಾಕಿ ಮತ್ತೆ ಹೇಳಿತು. ಮೊದಲ ಸಲ ಹೇಳಿದ್ದು ಕಂಪನಿಗಳಿಗೆ ಎಷ್ಟು ಕೇಳಿಸಿತ್ತು ಎಂದು ನೀವೇ ಊಹಿಸಿಕೊಳ್ಳಿ.

ತೊಡಕಿರುವುದು ಆ ‘ಅದೇ ಆಧಾರ’ದಲ್ಲಿ. ಜ್ವರಕ್ಕೆ ಕ್ಲಿನಿಕ್ಕಿಗೆ ಹೋಗಿ ಬಂದರೆ ಸಾಮಾನ್ಯ ಪಾಲಿಸಿ ಹಣ ಕೊಡುವುದಿಲ್ಲ, ಒಳರೋಗಿಯಾಗಿ ದಾಖಲಾಗಬೇಕು. ಸಮಾಲೋಚನೆಗೆ ಹೋಗುವವರು ಹೊರರೋಗಿಗಳು, ಹಾಗಾಗಿ ಅದಕ್ಕೂ ಅದೇ ನಿಯಮ. ಪಾಲಿಸಿಯಲ್ಲಿ ಒಪಿಡಿ, ಅಂದರೆ ಹೊರರೋಗಿ ಚಿಕಿತ್ಸೆಯ ಸೌಲಭ್ಯ ಬೇರೆಯಾಗಿ ಇದ್ದರೆ ಮಾತ್ರ ಕೇಳಲು ದಾರಿ. ದಾಖಲಾಗಿ ಬಿಡುಗಡೆಯಾದವರಿಗೆ ಇನ್ನೊಂದು ದಾರಿಯುಂಟು: ಬಿಡುಗಡೆಯ ನಂತರ ಪಾಲಿಸಿ ಗೊತ್ತುಪಡಿಸಿದ ದಿನಗಳೊಳಗೆ ಅದೇ ಕಾಯಿಲೆಗೆ ಆದ ಖರ್ಚನ್ನೂ ಸೇರಿಸಿ ಕೇಳಬಹುದು.

ನನ್ನ ಸ್ವಂತ ಪಾಲಿಸಿಯಲ್ಲಿ ಒಪಿಡಿ ಇರಲಿಲ್ಲ. ಕಚೇರಿಯ ಗುಂಪು ವಿಮೆಯ ಷರತ್ತುಗಳನ್ನು ತೆರೆದು ಓದುತ್ತಾ ಹೋದಾಗ, ಕಣ್ಣಿನ ತಪಾಸಣೆಗೂ ಹಲ್ಲಿನ ಚಿಕಿತ್ಸೆಗೂ ನಡುವೆ ಸಿಕ್ಕಿಕೊಂಡಂತೆ ಒಂದು ಸಾಲು ಕಂಡಿತು: ಮನೋವೈದ್ಯರ ಶಿಫಾರಸಿನ ಮೇರೆಗೆ ಅರ್ಹ ತಜ್ಞರು ನೀಡುವ ಮನೋಚಿಕಿತ್ಸೆ, ಒಪಿಡಿ ಮಿತಿಯೊಳಗೆ. ಸಹಾಯವಾಣಿಗೆ ಕರೆ ಮಾಡಿದರೆ ಒಬ್ಬರು ಉಂಟೆಂದರು, ಇನ್ನೊಬ್ಬರು ಇಲ್ಲವೆಂದರು. ಹಾಗಾಗಿ ವಿಮಾ ಕಂಪನಿಯ ಪರವಾಗಿ ಕ್ಲೈಮುಗಳನ್ನು ನೋಡಿಕೊಳ್ಳುವ ಸಂಸ್ಥೆಯಾದ ಟಿಪಿಎಗೆ ಇ-ಮೇಲ್ ಬರೆದೆ. ಅರ್ಹ ತಜ್ಞರೆಂದರೆ ಯಾರು, ಒಂದು ಭೇಟಿಗೆ ಎಷ್ಟು ಮಿತಿ, ವಿಡಿಯೋ ಕರೆಯ ಭೇಟಿಗೂ ಹಣ ಸಿಗುತ್ತದೆಯೇ, ಶಿಫಾರಸು ಪತ್ರ ಎಷ್ಟು ದಿನ ನಡೆಯುತ್ತದೆ ಎಂದು ಕೇಳಿದೆ. ಬರಹದಲ್ಲಿ ಬಂದ ಉತ್ತರಕ್ಕಿರುವ ತೂಕ ಫೋನಿನ ಮಾತಿಗಿಲ್ಲ.

ಮುಂದಿನದೆಲ್ಲ ಕಾಗದದ ಕೆಲಸ. ನಮ್ಮ ಸಮಾಲೋಚಕಿ ಕೊಡುತ್ತಿದ್ದ ರಸೀದಿಯಲ್ಲಿ ನನ್ನ ಹೆಸರು, ಮೊತ್ತ ಮತ್ತು ‘ಕೌನ್ಸೆಲಿಂಗ್’ ಎಂಬ ಒಂದು ಪದ ಬಿಟ್ಟರೆ ಏನೂ ಇರಲಿಲ್ಲ. ಅವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರಾದ ಚಿಕಿತ್ಸಾ ಮನಶ್ಶಾಸ್ತ್ರಜ್ಞೆ. ಆ ನೋಂದಣಿ ಸಂಖ್ಯೆ, ಭೇಟಿಯ ದಿನಾಂಕ, ಅವಧಿ, ಸಹಿ, ಮೊಹರು ಎಲ್ಲವೂ ಇರುವ ಬಿಲ್ಲು ಬೇಕೆಂದು ಕೇಳಿ ಪಡೆದೆ. ಮನೋವೈದ್ಯರು ಶಿಫಾರಸು ಪತ್ರದಲ್ಲಿ ಕಾಯಿಲೆಯ ಹೆಸರಿನ ಜೊತೆಗೆ ಅದರ ಸಂಕೇತವಾದ ‘ಎಫ್ 41.1’ ಬರೆದು, ವಾರಕ್ಕೊಮ್ಮೆ ಮನೋಚಿಕಿತ್ಸೆ ಅಗತ್ಯ ಎಂದು ನಮೂದಿಸಿದರು.

ಈ ಸಂಕೇತ ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಮಾನಸಿಕ ಕಾಯಿಲೆಗಳು ‘ಎಫ್’ ಅಕ್ಷರದಡಿ ಬರುತ್ತವೆ. ದಾಂಪತ್ಯದ ವಿರಸದಂಥ ಸಮಸ್ಯೆಗಳು ‘ಝಡ್’ ಅಡಿಯಲ್ಲಿ. ಎರಡನೆಯದಕ್ಕೆ ವಿಮೆಯವರಿಂದ ಹಣ ನಿರೀಕ್ಷಿಸುವುದು ಕಷ್ಟ. ಹಾಗೆಂದು ಇಲ್ಲದ ಕಾಯಿಲೆಯನ್ನು ಬರೆಸಿಕೊಳ್ಳುವ ಯೋಚನೆ ಬೇಡ. ಅದು ವಂಚನೆ ಎಂಬುದು ಒಂದು ಕಡೆ. ಮುಂದೆ ಹೊಸ ಪಾಲಿಸಿ ಕೊಳ್ಳುವಾಗ ಅದನ್ನು ಹಳೆಯ ಕಾಯಿಲೆಯೆಂದು ತಿಳಿಸಬೇಕಾಗುತ್ತದೆ. ಹಳೆಯ ಕಾಯಿಲೆಗೆ ವಿಮೆ ಸಿಗಲು ಕಾಯಬೇಕಾದ ಗರಿಷ್ಠ ಅವಧಿ 2024ರಲ್ಲಿ 48 ತಿಂಗಳಿಂದ 36ಕ್ಕೆ ಇಳಿದಿದೆ, ನಿಜ; ಆದರೂ ಮೂರು ವರ್ಷ ಕಡಿಮೆಯಲ್ಲ.

ಮೊದಲ ಕ್ಲೈಮ್ ‘ಸಮಾಲೋಚನೆಗೆ ರಕ್ಷಣೆ ಇಲ್ಲ’ ಎಂದು ವಾಪಸು ಬಂತು. ಪಾಲಿಸಿಯ ಆ ಸಾಲನ್ನೂ ಅವರದೇ ಇ-ಮೇಲನ್ನೂ ಲಗತ್ತಿಸಿ ಕುಂದುಕೊರತೆ ಅಧಿಕಾರಿಗೆ ಬರೆದೆ. ಆಗ ಭೇಟಿಗಳ ಟಿಪ್ಪಣಿ ಕಳಿಸಿ ಎಂದರು. ಒಳಗೆ ಆಡಿದ ಮಾತು ಅವರಿಗೇಕೆ? ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯ ಹಕ್ಕು ಕೊಟ್ಟಿದೆ ಎಂದು ತಿಳಿಸಿ, ಚಿಕಿತ್ಸೆ ನಡೆಯುತ್ತಿದೆ ಎಂಬ ವೈದ್ಯರ ಒಂದು ಪುಟದ ಸಾರಾಂಶವನ್ನಷ್ಟೇ ಕಳಿಸಿದೆ. ಅಷ್ಟಕ್ಕೇ ಒಪ್ಪಿದರು. ಒಪ್ಪದಿದ್ದರೆ, ಅಥವಾ ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ವಿಮೆಯ ದೂರುಗಳನ್ನು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಬಳಿಗೆ ಹೋಗಬಹುದಿತ್ತು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಒಪಿಡಿಯ ವಾರ್ಷಿಕ ಮಿತಿ ಬೇಗನೆ ಮುಗಿಯಿತು, ಉಳಿದದ್ದು ಕೈಯಿಂದಲೇ. ಸ್ವಂತ ಪಾಲಿಸಿ ನವೀಕರಿಸುವಾಗ ಒಪಿಡಿ ಸೇರಿಸೋಣವೆಂದು ವಿಚಾರಿಸಿದರೆ, ಹೆಚ್ಚುವರಿ ಪ್ರೀಮಿಯಂ ಅವರು ಕೊಡುವ ಮಿತಿಗೆ ಹತ್ತಿರ ಹತ್ತಿರವೇ ಇತ್ತು. ಬೇಡವೆಂದೆ. ಆ ದುಡ್ಡನ್ನು ನೇರವಾಗಿ ಸಮಾಲೋಚಕಿಗೇ ಕೊಡುತ್ತಿದ್ದೇನೆ. ವಿಮೆಯೂ ಇಲ್ಲ, ದುಡ್ಡೂ ಇಲ್ಲ ಎನ್ನುವವರಿಗೆ ನಾನು ಹೇಳುವುದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ.