ಪೈಪು ಸದ್ದು ಮಾಡಿದರೆ ಮೊದಲು ಗಡಿಯಾರ ನೋಡಿ

ಮನೆಯಲ್ಲಿ ಪೈಪು ವಿಚಿತ್ರವಾಗಿ ಸದ್ದು ಮಾಡತೊಡಗಿದರೆ ಎಲ್ಲರೂ ಗೋಡೆಗೆ ಕಿವಿ ಇಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಈಗ ಮಾಡುವುದಿಲ್ಲ. ನೀರು ತುಂಬಿದ ಪೈಪು ಸದ್ದನ್ನು ಎಲ್ಲಿಂದ ಎಲ್ಲಿಗೋ ಹೊತ್ತೊಯ್ಯುತ್ತದೆ. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್, ಗಾಳಿಯಲ್ಲಿ ಇರುವುದಕ್ಕಿಂತ ನಾಲ್ಕು ಪಟ್ಟು ಜಾಸ್ತಿ. ಅಡುಗೆಮನೆ ನಲ್ಲಿಯ ತಕರಾರು ಮಲಗುವ ಕೋಣೆಯ ಗೋಡೆಯಲ್ಲಿ ಕೇಳಿಸಿದರೆ ಆಶ್ಚರ್ಯವೇನಿಲ್ಲ.

ಅದಕ್ಕೇ ಸದ್ದು ಎಲ್ಲಿಂದ ಬಂತು ಅಂತ ಹುಡುಕುವ ಮೊದಲು ಯಾವಾಗ ಬಂತು ಅಂತ ನೋಡಿ. ನಲ್ಲಿ ತೆರೆದಾಗಲೋ, ಮುಚ್ಚಿದಾಗಲೋ, ನೀರು ಹರಿಯುತ್ತಿರುವಾಗಲೋ, ಯಾರೂ ಏನನ್ನೂ ಮುಟ್ಟದೇ ಇದ್ದಾಗಲೋ? ಬಿಸಿನೀರಿಗೆ ಮಾತ್ರವೋ, ತಣ್ಣೀರಿಗೂ ಉಂಟೋ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಈ ಬುದ್ಧಿ ನನಗೆ ಬಂದದ್ದು ಬಚ್ಚಲುಮನೆಯ ಟೈಲ್ಸ್ ಒಡೆಸಿದ ಮೇಲೆ. ಕೆಲವು ವರ್ಷಗಳ ಹಿಂದೆ ರಾತ್ರಿ ಹೊತ್ತು ‘ಸುಯ್’ ಅಂತ ಒಂದು ಸದ್ದು ಶುರುವಾಯಿತು. ಅರ್ಧ ನಿಮಿಷ ಬಂದು ನಿಂತುಬಿಡುತ್ತಿತ್ತು. ಗೋಡೆಯೊಳಗೆ ಪೈಪು ಸೋರುತ್ತಿದೆ ಅಂತ ನಾನೇ ತೀರ್ಮಾನ ಮಾಡಿ ಗೋಡೆ ಒಡೆಸಿದೆ. ಒಳಗೆ ಒಂದು ಹನಿ ಪಸೆ ಇರಲಿಲ್ಲ. ಅವತ್ತು ರಾತ್ರಿ ಸದ್ದು ಮತ್ತೆ ಬಂತು. ಸೊಸೆ ಏನೂ ಅನ್ನದೆ ಹಳೇ ಲಕೋಟೆಯೊಂದರ ಹಿಂದೆ ಹೊತ್ತು ಬರೆದಿಟ್ಟಳು: 11.10, 11.50, 12.30. ಬೆಳಿಗ್ಗೆ ಅದನ್ನು ನನ್ನ ಮುಂದೆ ಇಟ್ಟು, “ಮಾವ, ಸರಿಯಾಗಿ ನಲವತ್ತು ನಿಮಿಷಕ್ಕೊಮ್ಮೆ ಬರ್ತಿದೆ ನೋಡಿ. ಒಡೆದ ಪೈಪು ಹೀಗೆ ಹೊತ್ತು ನೋಡ್ಕೊಂಡು ಸೋರುತ್ತಾ?” ಅಂದಳು.

ಕಳ್ಳ ಸಿಕ್ಕಿದ್ದು ಫ್ಲಶ್ ಟ್ಯಾಂಕಿನಲ್ಲಿ. ಅದರ ತಳದಲ್ಲಿ ನೀರು ತಡೆಯುವ ರಬ್ಬರ್ ಮುಚ್ಚಳ ಇರುತ್ತದಲ್ಲ, ಅದು ಸರಿಯಾಗಿ ಕೂರುತ್ತಿರಲಿಲ್ಲ. ನೀರು ಸದ್ದಿಲ್ಲದೆ ಕಮೋಡಿಗೆ ಇಳಿಯುತ್ತಿತ್ತು. ಮಟ್ಟ ಒಂದಿಷ್ಟು ತಗ್ಗಿದೊಡನೆ ನೀರಿನ ಮೇಲೆ ತೇಲುವ ಫ್ಲೋಟ್ ಕೆಳಗಿಳಿದು ವಾಲ್ವ್ ತೆರೆಯುತ್ತಿತ್ತು, ಕಡಿಮೆಯಾದಷ್ಟು ನೀರು ತುಂಬಿಸಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ರಬ್ಬರನ್ನು ಬಿಚ್ಚಿ ತೆಗೆದಾಗ ಬೆರಳೆಲ್ಲ ಮಸಿ ಹಿಡಿದಂತೆ ಕಪ್ಪಾಯಿತು. ಅಂಚು ಒಂದು ಕಡೆ ಹಪ್ಪಳದ ಹಾಗೆ ಮೇಲೆದ್ದಿತ್ತು. ಅಷ್ಟಕ್ಕೆ ಗೋಡೆ ಒಡೆಸಿದ್ದೆ!

ನಿಮಗೂ ಇದೇ ಅನುಮಾನ ಬಂದರೆ ಟ್ಯಾಂಕಿನ ನೀರಿಗೆ ನಾಲ್ಕು ಹನಿ ಗಾಢ ಬಣ್ಣ ಹಾಕಿ. ಅಡುಗೆಯ ಬಣ್ಣವಾದರೂ ಆದೀತು. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಕಮೋಡಿನಲ್ಲಿ ಬಣ್ಣ ಕಂಡರೆ ಟ್ಯಾಂಕಿನ ನೀರು ಇಳಿಯುತ್ತಿದೆ ಅಂತಲೇ ಅರ್ಥ. ಬಿಟ್ಟು ಬಿಟ್ಟು ಬರುವ ಬದಲು ‘ಸುಯ್’ ಸದ್ದು ನಿಲ್ಲದೇ ಬರುತ್ತಿದ್ದರೆ ಟ್ಯಾಂಕಿನ ಮೇಲಿನ ಮುಚ್ಚಳ ತೆಗೆದು ನೋಡಿ. ಸಾಮಾನ್ಯವಾಗಿ ನೀರು ನಡುವಿನ ಓವರ್‌ಫ್ಲೋ ಕೊಳವೆಯ ಬಾಯಿವರೆಗೂ ಏರಿ ಅದರೊಳಗೆ ಬೀಳುತ್ತಿರುತ್ತದೆ. ಫ್ಲೋಟನ್ನು ಸ್ವಲ್ಪ ತಗ್ಗಿಸಿ. ಆಗಲೂ ನಿಲ್ಲದಿದ್ದರೆ ನೀರು ತುಂಬಿಸುವ ವಾಲ್ವ್ ಬದಲಾಯಿಸಬೇಕು.

ಇನ್ನು ನಲ್ಲಿ ಮುಚ್ಚಿದ ಕ್ಷಣಕ್ಕೇ ‘ಧಡ್’ ಅನ್ನುವ ಏಟು. ಇದನ್ನು ಪ್ಲಂಬರುಗಳು ವಾಟರ್ ಹ್ಯಾಮರ್ ಅನ್ನುತ್ತಾರೆ. ನಾನು ಸ್ವಲ್ಪ ಹೆದರುವುದು ಈ ಸದ್ದಿಗೆ. ಪೈಪಿನಲ್ಲಿ ಓಡುತ್ತಿರುವ ನೀರಿಗೆ ತೂಕ ಇದೆ, ವೇಗ ಇದೆ. ಎದುರಿಗೆ ಬಾಗಿಲು ದಿಢೀರನೆ ಮುಚ್ಚಿದರೆ ಹಿಂದಿನ ನೀರೆಲ್ಲ ಬಂದು ಗುದ್ದುತ್ತದೆ. ರಷ್ಯಾದ ವಿಜ್ಞಾನಿ ನಿಕೊಲಾಯ್ ಝುಕೋವ್‌ಸ್ಕಿ 1890ರ ದಶಕದ ಕೊನೆಯಲ್ಲಿ ಮಾಸ್ಕೋದ ನೀರಿನ ಪೈಪುಗಳ ಮೇಲೆ ಪ್ರಯೋಗ ಮಾಡಿ ಈ ಗುದ್ದಿನ ಲೆಕ್ಕ ಬಿಡಿಸಿದರು. ಲೋಹದ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೋಗುವ ನೀರು ಒಮ್ಮೆಲೇ ನಿಂತರೆ ಒತ್ತಡ 10 ಬಾರ್‌ಗಿಂತಲೂ ಜಾಸ್ತಿ ಏರುತ್ತದೆ. ಅಂದರೆ 100 ಮೀಟರ್ ಎತ್ತರದಿಂದ ನೀರು ತೂಗಿ ನಿಂತಷ್ಟು. ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ, ನಿಜ. ಆದರೆ ದಿನಕ್ಕೆ ಹತ್ತು ಸಲ ಹೀಗೆ ಏಟು ಬಿದ್ದರೆ ಪೈಪಿನ ಜಾಯಿಂಟು ಎಷ್ಟು ದಿನ ತಡೆದೀತು?

ಹೆಚ್ಚಾಗಿ ಇದು ವಾಷಿಂಗ್ ಮಷೀನಿನ ಕೆಲಸ. ಅದರ ವಾಲ್ವ್ ಕರೆಂಟಿನದು, ಟಪ್ ಅಂತ ಮುಚ್ಚುತ್ತದೆ. ಒಂದೇ ಹಿಡಿಯ ನಲ್ಲಿಗಳನ್ನು ಫಟ್ಟನೆ ಒತ್ತಿ ಮುಚ್ಚಿದರೂ ಇದೇ ಕಥೆ. ಮೊದಲ ಮದ್ದಿಗೆ ಖರ್ಚಿಲ್ಲ. ನಲ್ಲಿಯನ್ನು ನಿಧಾನಕ್ಕೆ ಮುಚ್ಚಿ. ಮಷೀನಿಗೆ ಹೋಗುವ ನೀರಿನ ಕಾಕ್ ಅನ್ನು ಸ್ವಲ್ಪ ತಿರುಗಿಸಿ ಹರಿವು ತಗ್ಗಿಸಿ. ಆಮೇಲೆ ಹೊರಗೆ ಕಾಣುವ ಪೈಪಿನ ಮೇಲೆ ಕೈ ಇಟ್ಟು, ಇನ್ನೊಬ್ಬರಿಗೆ ನಲ್ಲಿ ತೆರೆದು ಮುಚ್ಚಲು ಹೇಳಿ. ಪೈಪು ಅಂಗೈಯಲ್ಲಿ ಮೀನಿನ ಹಾಗೆ ಒದ್ದಾಡಿದರೆ ಕ್ಲ್ಯಾಂಪ್ ಸಡಿಲಾಗಿದೆ. ಕ್ಲ್ಯಾಂಪಿನ ಒಳಗೆ ರಬ್ಬರ್ ಪಟ್ಟಿ ಇಟ್ಟು ಬಿಗಿ ಮಾಡಿ. ಇಷ್ಟರಿಂದಲೂ ಹೋಗದಿದ್ದರೆ ಹ್ಯಾಮರ್ ಅರೆಸ್ಟರ್ ಅಂತ ಸಣ್ಣ ಡಬ್ಬಿಯಂಥದ್ದು ಸಿಗುತ್ತದೆ. ಅದರೊಳಗೆ ಗಾಳಿ ಇರುತ್ತದೆ, ಗುದ್ದನ್ನು ಅದು ನುಂಗಿಕೊಳ್ಳುತ್ತದೆ. ವಾಲ್ವಿಗೆ ಆದಷ್ಟು ಹತ್ತಿರ ಕೂರಿಸಬೇಕು.

ಕೆಲವು ಹಳೇ ಮನೆಗಳಲ್ಲಿ ಇದೇ ಕೆಲಸಕ್ಕೆ ನಲ್ಲಿಯ ಹಿಂದೆ ಮೇಲ್ಮುಖವಾಗಿ, ತುದಿ ಮುಚ್ಚಿದ ಒಂದು ಪೈಪಿನ ತುಂಡು ನಿಲ್ಲಿಸಿರುತ್ತಾರೆ. ಅದರಲ್ಲಿ ಸಿಕ್ಕಿಕೊಂಡ ಗಾಳಿಯೇ ದಿಂಬು. ಕಾಲ ಕಳೆದಂತೆ ಆ ಗಾಳಿ ನೀರಿನಲ್ಲಿ ಕರಗಿಹೋಗುತ್ತದೆ, ಸದ್ದು ವಾಪಸ್ ಬರುತ್ತದೆ. ಮುಖ್ಯ ವಾಲ್ವ್ ಮುಚ್ಚಿ, ಎಲ್ಲಕ್ಕಿಂತ ಮೇಲಿನ ನಲ್ಲಿ ಮತ್ತು ಎಲ್ಲಕ್ಕಿಂತ ಕೆಳಗಿನ ನಲ್ಲಿ ತೆರೆದು ಪೈಪನ್ನು ಪೂರ್ತಿ ಬರಿದು ಮಾಡಿ. ಆಮೇಲೆ ನಲ್ಲಿ ಮುಚ್ಚಿ, ಮುಖ್ಯ ವಾಲ್ವನ್ನು ನಿಧಾನಕ್ಕೆ ತೆರೆಯಿರಿ. ದಿಂಬು ಮತ್ತೆ ತುಂಬಿಕೊಳ್ಳುತ್ತದೆ.

ನಲ್ಲಿ ಅರ್ಧ ತೆರೆದಾಗ ಮಾತ್ರ ‘ಡರ್ರ್’ ಅಂತ ನಡುಗಿದರೆ ವಾಷರ್ ಸಡಿಲ ಅಂತ ತಿಳಿಯಿರಿ. ತಿರುಗಿಸುವ ನಲ್ಲಿಗಳಲ್ಲಿ ಇದು ಜಾಸ್ತಿ. ಸಿಳ್ಳೆ ಹಾಕಿದರೆ ಇಕ್ಕಟ್ಟಿನಲ್ಲಿ ನೀರು ನುಗ್ಗುತ್ತಿದೆ. ಎಲ್ಲೋ ಒಂದು ವಾಲ್ವನ್ನು ಯಾರೋ ಅರ್ಧ ಮುಚ್ಚಿ ಮರೆತಿರುತ್ತಾರೆ, ಇಲ್ಲವೇ ನಲ್ಲಿಯ ಬಾಯಿಯ ಜಾಲರಿಗೆ ಸುಣ್ಣದ ಕಲೆ ಕಟ್ಟಿರುತ್ತದೆ. ಜಾಲರಿ ಬಿಚ್ಚಿ ವಿನೆಗರಿನಲ್ಲಿ ಕೆಲವು ಗಂಟೆ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಯಾವ ವಾಲ್ವ್ ಅಂತ ತಿಳಿಯದಿದ್ದರೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದಕ್ಕೂ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ತಾಗಿಸಿ. ತಪ್ಪಿತಸ್ಥ ವಾಲ್ವ್ ಕಿವಿಯಲ್ಲೇ ಕೂಗಿದಂತೆ ಕೇಳಿಸುತ್ತದೆ. ನೋಡುವವರು ನಕ್ಕರೆ ನಗಲಿ.

ಬಿಸಿನೀರು ಬಿಟ್ಟ ಮೇಲೆ ಗೋಡೆಯೊಳಗೆ ‘ಟಕ್, ಟಕ್’ ಅಂದರೆ ಗಾಬರಿ ಬೇಡ. ಪೈಪು ಹಿಗ್ಗುತ್ತಿದೆ, ಅಷ್ಟೇ. ಬಿಸಿನೀರಿಗೆ ಹಾಕುವ ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪು 3 ಮೀಟರ್ ಉದ್ದ ಇದ್ದು, ಅದರ ಬಿಸಿ ಮೊದಲಿಗಿಂತ 40 ಡಿಗ್ರಿಯಷ್ಟು ಏರಿದರೆ ಸುಮಾರು 7-8 ಮಿಲಿಮೀಟರ್ ಉದ್ದವಾಗುತ್ತದೆ. ಹಿಗ್ಗುವಾಗ ಕ್ಲ್ಯಾಂಪಿಗೋ ಗೋಡೆಯ ತೂತಿಗೋ ಉಜ್ಜಿಕೊಂಡು ಟಕ್ ಅನ್ನುತ್ತದೆ. ಇದಕ್ಕೋಸ್ಕರ ಗೋಡೆ ಒಡೆಯಬೇಡಿ.

ಸಿಂಕಿನ ನೀರು ಇಳಿಯುವಾಗ ಬಚ್ಚಲಿನ ತೂತು ‘ಗುಳುಗುಳು’ ಅಂದರೆ ಮಾತ್ರ ಸುಮ್ನೆ ಕೂರಬೇಡಿ. ಕೊಳೆನೀರಿನ ಪೈಪಿಗೆ ಗಾಳಿ ಸಿಗುತ್ತಿಲ್ಲ. ಎರಡಕ್ಕೂ ಸೇರಿದ ಪೈಪು ಅರ್ಧ ಕಟ್ಟಿರಬಹುದು, ಇಲ್ಲವೇ ಮೇಲಿನ ಗಾಳಿ ಪೈಪಿನ ಬಾಯಿ ಎಲೆಯಿಂದಲೋ ಹಕ್ಕಿ ಗೂಡಿನಿಂದಲೋ ಮುಚ್ಚಿರಬಹುದು. ಆಗ ಪೈಪು ಪಕ್ಕದ ಟ್ರ್ಯಾಪಿನ, ಅಂದರೆ ತೂತಿನ ಕೆಳಗಿರುವ ಬಾಗಿದ ಕೊಳವೆಯ, ನೀರನ್ನೇ ಹೀರಿ ಗಾಳಿ ಎಳೆದುಕೊಳ್ಳುತ್ತದೆ. ಆ ಬಾಗಿದ ಕೊಳವೆಯಲ್ಲಿ ನಿಲ್ಲುವ ಐದು ಸೆಂಟಿಮೀಟರಿನಷ್ಟು ನೀರೇ ಚರಂಡಿಯ ವಾಸನೆಯನ್ನು ತಡೆಯುವ ಬಾಗಿಲು. ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ 1775ರಲ್ಲಿ ಕಮೋಡಿಗೆ ಇಂಥ ಬಾಗು ಕೊಳವೆ ಇಟ್ಟು ಪೇಟೆಂಟ್ ಪಡೆದಿದ್ದ. ಗುಳುಗುಳು ಜೊತೆಗೆ ವಾಸನೆಯೂ ಬಂತೆಂದರೆ ಆ ನೀರು ಹೋಗಿದೆ. ಒಂದು ಚೊಂಬು ನೀರು ಹಾಕಿದರೆ ವಾಸನೆ ಸದ್ಯಕ್ಕೆ ನಿಲ್ಲುತ್ತದೆ, ಕಟ್ಟಿದ್ದನ್ನು ಬಿಡಿಸದೆ ಸದ್ದು ಹೋಗುವುದಿಲ್ಲ. ಆಸಿಡ್ ಮಾತ್ರ ಸುರಿಯಬೇಡಿ. ಆಮೇಲೆ ಪೈಪು ಬಿಚ್ಚುವವನ ಮುಖಕ್ಕೆ ಅದು ಸಿಡಿಯುತ್ತದೆ.

ಗೀಸರ್ ಕಾಯುವಾಗ ಒಳಗೆ ಕಲ್ಲು ಹುರಿದಂತೆ ಗುರುಗುಟ್ಟಿದರೆ ನೀರು ಕಾಯಿಸುವ ಕಾಯಿಲ್‌ಗೆ ಸುಣ್ಣ ಕಟ್ಟಿದೆ. ಬಿಚ್ಚಿ ತೊಳೆಸಬೇಕು, ಅದು ಮೆಕ್ಯಾನಿಕ್ ಕೆಲಸ. ಆದರೆ ಅದರ ಸೇಫ್ಟಿ ವಾಲ್ವಿನಿಂದ ಹಬೆಯೋ ಕುದಿನೀರೋ ಚಿಮ್ಮಿದರೆ ತಕ್ಷಣ ಮೇನ್ ಸ್ವಿಚ್ ಆರಿಸಿ ಹೊರಗೆ ಬನ್ನಿ. ಸೋರುತ್ತದೆ ಅಂತ ಆ ವಾಲ್ವಿಗೆ ಬಿರಟೆ ಹಾಕಿದವರನ್ನು ಕಂಡಿದ್ದೇನೆ. ಒತ್ತಡ ಹೋಗಲು ಬೇರೆ ದಾರಿಯೇ ಇಲ್ಲದೆ ಗೀಸರ್ ಸಿಡಿದೀತು. ಪಂಪ್ ಗುಂಯ್ ಅನ್ನುತ್ತಾ ತಿರುಗದೇ ಇದ್ದರೂ ಕೂಡಲೇ ಆರಿಸಿ. ಬಹಳ ಸಲ ಮೋಟರು ತಿರುಗಲು ನೆರವಾಗುವ ಕೆಪಾಸಿಟರ್ ಹೋಗಿರುತ್ತದೆ, ಹಾಗೇ ಬಿಟ್ಟರೆ ಮೋಟರಿನೊಳಗಿನ ತಂತಿ ಸುರುಳಿ (ವೈಂಡಿಂಗ್) ಸುಡುತ್ತದೆ.

ಎಲ್ಲ ನಲ್ಲಿ ಮುಚ್ಚಿದ್ದರೂ ಎಲ್ಲೋ ನೀರು ಹರಿದಂತೆ ಕೇಳಿಸುತ್ತಿದ್ದರೆ ಮಲಗುವ ಮುಂಚೆ ಮೀಟರಿನ ಅಂಕಿ ಬರೆದಿಟ್ಟುಕೊಳ್ಳಿ. ರಾತ್ರಿ ಯಾರೂ ನೀರು ಮುಟ್ಟದೆ, ಟ್ಯಾಂಕೂ ತುಂಬಿಕೊಳ್ಳದೆ, ಬೆಳಿಗ್ಗೆ ಅಂಕಿ ಬದಲಾಗಿದ್ದರೆ ಸೋರಿಕೆ ಇದೆ. ಆಗ ಪ್ಲಂಬರನ್ನು ಕರೆಯಿರಿ. ಅವರು ಬಂದ ದಿನ ಪೈಪು ಎಂದೂ ಸದ್ದು ಮಾಡುವುದಿಲ್ಲ, ಅದು ನನ್ನ ಇಷ್ಟು ವರ್ಷದ ಅನುಭವ. ಅದಕ್ಕೇ ಮೊದಲೇ ಫೋನಿನಲ್ಲಿ ರೆಕಾರ್ಡ್ ಮಾಡಿಡಿ. ಬರೀ ಸದ್ದು ಬೇಡ. “ಈಗ ಬಿಸಿನೀರಿನ ನಲ್ಲಿ ಮುಚ್ಚುತ್ತಿದ್ದೇನೆ” ಅಂತ ಬಾಯಲ್ಲಿ ಹೇಳುತ್ತಾ ಮುಚ್ಚಿ, ಆಮೇಲೆ ಅರ್ಧ ನಿಮಿಷ ಫೋನನ್ನು ಹಾಗೇ ಹಿಡಿದಿರಿ.